ಎಂಬತ್ತು ದಾಟಿದ ಸಾಧಕರಿಗೆ ವೇದಿಕೆಯ ಸನ್ಮಾನ ಬೇಕೆ? ಪರ–ವಿರೋಧ

ಮಳೆ ಹಿಂದಾಗಿ ದೀಪಾವಳಿ ಕಳೆಯಿತೆಂದರೆ ಉತ್ತರ ಕನ್ನಡದಲ್ಲಿ ಸಭೆ–ಸಮಾರಂಭಗಳ ಕಾಲ. ಯುವಕ ಸಂಘದ ವಾರ್ಷಿಕೋತ್ಸವ, ಸೊಸೈಟಿಯ ಬೆಳ್ಳಿಹಬ್ಬ, ಶಾಲೆಯ ಅಮೃತ ಮಹೋತ್ಸವ, ದೇವಸ್ಥಾನದ ವರ್ಧಂತಿ, ಯಕ್ಷಗಾನದ ಆಟ ಶುರುವಾಗುವ ಮುಂಚಿನ ಸಭೆ. ಎಲ್ಲ ಕಡೆಯೂ ಊರಿನ ಅಥವಾ ಪಕ್ಕದೂರಿನ ಹಿರಿಯರೊಬ್ಬರಿಗೆ ಶಾಲು, ಹಾರ, ಫಲತಾಂಬೂಲ ಇದ್ದೇ ಇರುತ್ತದೆ. ಭಾಗವತರಿರಲಿ, ಹಾಡುಗಾರ್ತಿಯಿರಲಿ, ಮಾಸ್ತರರು, ನಾಟಿವೈದ್ಯರು, ಕೃಷಿಕರು ಯಾರೇ ಇರಲಿ, ಕ್ರಮ ಒಂದೇ. ಎಂಬತ್ತು ದಾಟಿದವರನ್ನು ಹೀಗೆ ವೇದಿಕೆಗೆ ಕರೆತರುವುದು ಸರಿಯೇ? ಇಬ್ಬರು ಇಲ್ಲಿ ಎರಡು ಕಡೆಯಿಂದ ವಾದಿಸಿದ್ದಾರೆ.

ಪರ: ಊರೆದುರು ಹೊದೆಸಿದ ಶಾಲಿಗೆ ತೂಕವಿದೆ

2021ರ ನವೆಂಬರಿನಲ್ಲಿ ಅಂಕೋಲಾ ತಾಲೂಕು ಹೊನ್ನಳ್ಳಿಯ ತುಳಸಿ ಗೌಡ ರಾಷ್ಟ್ರಪತಿ ಭವನದ ಹಾಸಿನ ಮೇಲೆ ಬರಿಗಾಲಲ್ಲಿ ನಡೆದುಹೋಗಿ ಪದ್ಮಶ್ರೀ ಪಡೆದರು. ಹಾಲಕ್ಕಿ ಸಮುದಾಯದ ಹೆಂಗಸರು ಉಡುವ ರೀತಿಯಲ್ಲೇ ಉಟ್ಟ ಸೀರೆ, ಕೊರಳು ತುಂಬ ಮಣಿಸರ. ದಶಕಗಟ್ಟಲೆ ಅರಣ್ಯ ಇಲಾಖೆಯ ನರ್ಸರಿಯಲ್ಲಿ ಬೀಜ ಆಯ್ದು, ಮಡಿ ಮಾಡಿ, ಸಸಿ ಎಬ್ಬಿಸಿದ ಆ ಕೈಗಳ ಕೆಲಸ ಅಲ್ಲಿಯವರೆಗೆ ದೇಶದ ಹೆಚ್ಚಿನ ಜನರಿಗೆ ಗೊತ್ತಿರಲಿಲ್ಲ. ನರ್ಸರಿಯ ಕೆಲಸಕ್ಕೆ ಪ್ರೇಕ್ಷಕರು ಇರುವುದಿಲ್ಲ. ಕಾಡು ಬೆಳೆದು ನಿಂತಾಗ ಅದನ್ನು ನೆಟ್ಟವರು ಯಾರೆಂದು ಯಾವ ಮರವೂ ಹೇಳುವುದಿಲ್ಲ. ಅಂಥ ಕೆಲಸ ಮಾಡಿದವರ ಮುಖ, ಹೆಸರು, ಊರು ಒಟ್ಟಿಗೆ ಜನರ ಮನಸ್ಸಿನಲ್ಲಿ ಉಳಿಯಬೇಕಾದರೆ ಒಂದು ಸಾರ್ವಜನಿಕ ಗಳಿಗೆ ಬೇಕೇ ಬೇಕು. ದೆಹಲಿಯಲ್ಲಿ ಆದದ್ದೇ ಊರಿನ ಚಪ್ಪರದಲ್ಲೂ ಸಣ್ಣ ಅಳತೆಯಲ್ಲಿ ಆಗುತ್ತದೆ.

ಸನ್ಮಾನದಿಂದ ಹಿರಿಯರಿಗೆ ಏನು ಸಿಗುತ್ತದೆ ಎಂದು ಕೇಳುವವರು ಶಾಲು–ಹಾರಗಳನ್ನಷ್ಟೇ ಲೆಕ್ಕ ಹಾಕುತ್ತಾರೆ. ಸಿಗುವುದು ಮಾತಿಗೆ ತೂಕ. ಶಿವರಾಮ ಕಾರಂತರು 1989ರಲ್ಲಿ ಕೈಗಾ ಅಣುಸ್ಥಾವರವನ್ನು ವಿರೋಧಿಸಿ ನಮ್ಮ ಜಿಲ್ಲೆಯಿಂದ ಲೋಕಸಭೆಗೆ ಸ್ಪರ್ಧಿಸಿದಾಗ ಅವರಿಗೆ 87. ಗೆಲ್ಲಲಿಲ್ಲ. ಆದರೆ ಅಣುವಿಕಿರಣ ಎಂಬ ಶಬ್ದ ಅಡಿಕೆ ಚಪ್ಪರದ ಕೆಳಗೂ ಮೀನುಪೇಟೆಯಲ್ಲೂ ಚರ್ಚೆಯಾಗುವಂತೆ ಮಾಡಿದ್ದು ಆ ಹಿರಿತನ. ಅದಕ್ಕೂ ಮುಂಚೆ ತುರ್ತು ಪರಿಸ್ಥಿತಿಯನ್ನು ಪ್ರತಿಭಟಿಸಿ ಅವರು ಪದ್ಮಭೂಷಣವನ್ನು ಹಿಂದಿರುಗಿಸಿದ್ದರು. ಪ್ರಶಸ್ತಿ ಕೈಯಲ್ಲಿ ಇದ್ದವರು ಮಾತ್ರ ಅದನ್ನು ಹಿಂದಿರುಗಿಸಬಲ್ಲರು. ಬಡಗೇರಿಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರು ಹಾಡಿನಷ್ಟೇ ಗಟ್ಟಿಯಾಗಿ ಸಾರಾಯಿಯ ವಿರುದ್ಧ ದನಿ ಎತ್ತಿದವರು. ಹಾಲಕ್ಕಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಬೇಡಿಕೆ ಹಳೆಯದು. 2017ರಲ್ಲಿ ಪದ್ಮಶ್ರೀ ಬಂದ ಮೇಲೆ ಸುಕ್ರಜ್ಜಿ ಆಡಿದ ಇಂಥ ಮಾತನ್ನು ಅಧಿಕಾರದಲ್ಲಿರುವವರು ಸುಮ್ಮನೆ ದಾಟಿಹೋಗುವ ಹಾಗಿರಲಿಲ್ಲ.

ಯಕ್ಷಗಾನದ ಮಾತೂ ಇದೆ. ಮೇಳಕ್ಕೆ ಹೋಗುವವರಿಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಿದ್ದ ಕಾಲವನ್ನು ಹೊನ್ನಾವರ–ಸಿದ್ದಾಪುರದ ಹಳಬರು ಮರೆತಿಲ್ಲ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ, 79ರ ವಯಸ್ಸಿನಲ್ಲಿ, ಪದ್ಮಶ್ರೀ ಬಂತು. ಯಕ್ಷಗಾನದವರೊಬ್ಬರಿಗೆ ಸಂದ ಮೊದಲ ಪದ್ಮ ಪ್ರಶಸ್ತಿ ಅದು. ಅವರ ಕೀಚಕ, ಭಸ್ಮಾಸುರ, ದುಷ್ಟಬುದ್ಧಿಗಳನ್ನು ಕಂಡವರಿಗೆ ಪ್ರಶಸ್ತಿಯಿಂದ ಹೊಸದೇನೂ ತಿಳಿಯಲಿಲ್ಲ. ಮಗ ಗೆಜ್ಜೆ ಕಟ್ಟುತ್ತೇನೆಂದಾಗ ಬೇಡವೆನ್ನುತ್ತಿದ್ದ ತಂದೆ–ತಾಯಿಗಳಿಗೆ ತಿಳಿಯಿತು. ಕಲೆ ಮುಂದುವರಿಯುವುದು ಇಂಥ ಮನೆಗಳ ಜಗಲಿಯಲ್ಲಿ ನಡೆಯುವ ತೀರ್ಮಾನಗಳಿಂದ.

ಇನ್ನೊಂದು, ಯಾರೂ ಹೇಳದ ಉಪಯೋಗ: ಕಾಗದ. ಕಷ್ಟದಲ್ಲಿರುವ ಕಲಾವಿದರಿಗೆ, ಸಾಹಿತಿಗಳಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಮಾಸಾಶನ ಕೊಡುತ್ತದೆ. 58 ದಾಟಿದವರು ಅರ್ಜಿ ಹಾಕಬಹುದು. ಅರ್ಜಿಯ ಜೊತೆ ಕಲಾಸೇವೆಗೆ ದಾಖಲೆ ಬೇಕು. ಹಾಡಿಕೊಂಡೇ ಬದುಕಿದ ಅಜ್ಜಿಯ ಬಳಿ, ಚಂಡೆ ಬಾರಿಸಿಯೇ ಮುದುಕರಾದ ಅಜ್ಜನ ಬಳಿ ಯಾವ ದಾಖಲೆ ಇರುತ್ತದೆ? ಆಹ್ವಾನಪತ್ರಿಕೆ, ಸನ್ಮಾನಪತ್ರ, ವೇದಿಕೆಯ ಫೋಟೋ, ಪತ್ರಿಕೆಯ ತುಣುಕು ಇವೇ ಆಧಾರ. ಸನ್ಮಾನಪತ್ರದಲ್ಲಿ ಸಂಘದ ನೋಂದಣಿ ಸಂಖ್ಯೆ, ದಿನಾಂಕ, ಅಧ್ಯಕ್ಷ–ಕಾರ್ಯದರ್ಶಿಗಳ ಸಹಿ, ಮೊಹರು ಇರಬೇಕು. ಹಿರಿಯರ ಹೆಸರು ಆಧಾರ್‌ನಲ್ಲಿರುವ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಊರಿನಲ್ಲಿ ಕರೆಯುವ ಹೆಸರೊಂದು, ಕಾರ್ಡಿನಲ್ಲಿರುವ ಹೆಸರೊಂದು ಆದರೆ ಎರಡನ್ನೂ ಬರೆಯಿರಿ: "ಇವರು ಇಂಥ ಹೆಸರಿನಿಂದ ಪ್ರಸಿದ್ಧರು" ಎಂಬ ಒಂದು ಸಾಲು ಸಾಕು. ಗೌರವಧನದ ಚೆಕ್ಕಿಗೂ ಇದೇ ಮಾತು. ಪಾಸ್‌ಬುಕ್ಕಿನ ಹೆಸರಿಗೆ ಬರೆಯದ ಚೆಕ್ಕು ಗೋಡೆಗೆ ತೂಗುಹಾಕಲು ಮಾತ್ರ ಲಾಯಕ್ಕು.

ಬಿನ್ನವತ್ತಳೆ (ಸನ್ಮಾನದ ಮಾತುಗಳ ಪತ್ರ) ಬರೆಯುವವರು ವಯಸ್ಸಿನ ವಿಷಯದಲ್ಲಿ ಎಚ್ಚರವಹಿಸಬೇಕು. ಶಾಲೆಗೆ ಹೋಗದವರ ಹುಟ್ಟಿದ ದಿನ ಕಾರ್ಡಿನಲ್ಲಿ ಜನವರಿ 1 ಎಂದು ಬಿದ್ದಿದ್ದರೆ ಅದು ಅಂದಾಜು ಎಂದೇ ತಿಳಿಯಬೇಕು. ತುಳಸಿ ಗೌಡರ ಹುಟ್ಟಿದ ವರ್ಷವೇ ಒಂದೊಂದು ಬರಹದಲ್ಲಿ ಒಂದೊಂದು ರೀತಿ ಇದೆ. ಅಂದಾಜು ಸರಿಮಾಡಲು ಘಟನೆಗಳನ್ನು ಹಿಡಿದು ಕೇಳಬೇಕು: ನಮ್ಮ ಜಿಲ್ಲೆ ಮುಂಬಯಿ ಪ್ರಾಂತ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದಾಗ (1956) ನಿಮಗೆ ಮದುವೆಯಾಗಿತ್ತೇ? ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ (1964) ದೊಡ್ಡ ಮಗ ನಡೆಯುತ್ತಿದ್ದನೇ? ಕರನಿರಾಕರಣೆಯ ಗಲಾಟೆಯನ್ನು ಕಂಡಿದ್ದೀರೋ, ಅಪ್ಪ ಹೇಳಿದ್ದನ್ನು ಕೇಳಿದ್ದೀರೋ? ಇಂಥ ಮೂರು ಉತ್ತರ ಸಿಕ್ಕರೆ ಎರಡು–ಮೂರು ವರ್ಷದ ವ್ಯತ್ಯಾಸದೊಳಗೆ ವಯಸ್ಸು ನಿಲ್ಲುತ್ತದೆ. "ಸುಮಾರು" ಎಂದು ಬರೆಯಲು ಸಂಕೋಚ ಬೇಡ. ಬಿನ್ನವತ್ತಳೆಯ ತಪ್ಪು ಮರುದಿನ ಪತ್ರಿಕೆಗೆ, ಅಲ್ಲಿಂದ ಪುಸ್ತಕಕ್ಕೆ ಹೋಗಿ ಮತ್ತೆ ತಿದ್ದಲಾರದಂತೆ ಕೂರುತ್ತದೆ.

ಸನ್ಮಾನ ಬೇಡ ಎನ್ನುವವರು ತೋರಿಸುವ ದೋಷಗಳೆಲ್ಲ ನಿಜ. ಅವು ಏರ್ಪಾಡಿನ ದೋಷಗಳು, ಸರಿಮಾಡಲು ಬರುತ್ತದೆ. ಹಿರಿಯರನ್ನು ಕರೆಯಲು ಸಂಘದ ನಾಲ್ವರು ಹೋಗುತ್ತಾರೆ. ಅವರಲ್ಲಿ ಒಬ್ಬರಾದರೂ ಮನೆಯ ಸೊಸೆಯನ್ನೋ ಮಗಳನ್ನೋ ಕೇಳಬೇಕು: ಮಾತ್ರೆ ಎಷ್ಟು ಹೊತ್ತಿಗೆ, ಊಟ ಎಷ್ಟು ಹೊತ್ತಿಗೆ, ರಾತ್ರಿ ಕಣ್ಣು ಕಾಣುತ್ತದೆಯೇ, ಎಷ್ಟು ಹೊತ್ತಿಗೊಮ್ಮೆ ಎದ್ದುಹೋಗಬೇಕಾಗುತ್ತದೆ. ಬಹಳಷ್ಟು ಹಿರಿಯರು ಮೂತ್ರಕ್ಕೆ ಹೋಗಬೇಕಾದೀತೆಂದು ಆ ದಿನ ರಕ್ತದೊತ್ತಡದ ಮಾತ್ರೆ ಬಿಡುತ್ತಾರೆ, ನೀರನ್ನೂ ಕುಡಿಯುವುದಿಲ್ಲ. ಕರಾವಳಿಯ ಸೆಕೆಯಲ್ಲಿ ಅದೇ ತಲೆತಿರುಗಲು ಕಾರಣ. ವೇದಿಕೆಗೆ ಇಪ್ಪತ್ತು–ಮೂವತ್ತು ಹೆಜ್ಜೆಯೊಳಗೆ ಬೆಳಕಿರುವ, ಕಮೋಡ್ ಇರುವ ಶೌಚಾಲಯವಿದೆ ಎಂದು ಮೊದಲೇ ಹೇಳಿದರೆ ಅರ್ಧ ಹೆದರಿಕೆ ಹೋಗುತ್ತದೆ.

ಮೆಟ್ಟಿಲು ಮುಖ್ಯ. ಬಾಡಿಗೆಗೆ ಬರುವ ವೇದಿಕೆಯ ಕಬ್ಬಿಣದ ಮೆಟ್ಟಿಲು ಒಂದಡಿ ಎತ್ತರ, ಹಿಡಿಯಲು ಏನೂ ಇರುವುದಿಲ್ಲ. ಆರಿಂಚಿಗೆ ಒಂದರಂತೆ ಮೆಟ್ಟಿಲು, ಬಲಕ್ಕೂ ಎಡಕ್ಕೂ ಸೊಂಟದೆತ್ತರದ ಕೈಹಿಡಿ, ತುದಿಗೆ ಬಿಳಿ ಬಣ್ಣದ ಪಟ್ಟಿ ಇಷ್ಟನ್ನು ಊರಿನ ಬಡಗಿ ಅರ್ಧ ದಿನದಲ್ಲಿ ಮಾಡಿಕೊಡುತ್ತಾನೆ. ಕುರ್ಚಿ ಕೈಯಿರುವುದಾಗಬೇಕು, ಕೂತರೆ ಹೂತುಹೋಗುವ ಸೋಫಾ ಬೇಡ. ಅದರಿಂದ ಎದ್ದೇಳಲು ಇಬ್ಬರು ಎತ್ತಬೇಕಾಗುತ್ತದೆ, ಅದು ನೋಡುವವರಿಗೂ ಸಂಕಟ. ಇಡೀ ಹೊತ್ತು ಕೂತವರನ್ನು ತಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಇಳಿದು ಕಣ್ಣು ಕತ್ತಲಿಡುತ್ತದೆ. ಎಲ್ಲಕ್ಕಿಂತ ಒಳ್ಳೆಯ ಕ್ರಮವೆಂದರೆ ಹಿರಿಯರು ಕುಳಿತೇ ಇರುವುದು, ಸನ್ಮಾನ ಮಾಡುವವರು ಬಾಗಿ ಶಾಲು ಹೊದೆಸುವುದು. ಪೇಟ ತೊಡಿಸುವುದಾದರೆ ತಲೆಯ ಅಳತೆ ಮೊದಲೇ ತೆಗೆದುಕೊಳ್ಳಿ, ಫೋಟೋ ಆದ ಕೂಡಲೇ ತೆಗೆಯಿರಿ. ಗಾಜಿನ ಚೌಕಟ್ಟಿನ ಭಾರದ ಫಲಕವನ್ನು ನಡುಗುವ ಕೈಗೆ ಕೊಡಬೇಡಿ. ಹಣ್ಣಿನ ಬುಟ್ಟಿಯನ್ನು ಮನೆಯವರ ಕೈಗೆ ಮುಟ್ಟಿಸಿ.

ಹೊತ್ತಿನ ವಿಷಯದಲ್ಲಿ ಮಾತ್ರ ಯಾವ ರಾಜಿಯೂ ಬೇಡ. ಸಭೆ ಶುರುವಾಗಿ ಅರ್ಧ ಗಂಟೆಯೊಳಗೆ ಸನ್ಮಾನ ಮುಗಿಯಬೇಕು, ಮಂತ್ರಿಗಳು ಬಂದಿರಲಿ ಬಿಡಲಿ. ಹಿರಿಯರನ್ನು ವೇದಿಕೆಯಿಂದ ಇಳಿಸಿ ಮುಂದಿನ ಸಾಲಿನಲ್ಲಿ ಮನೆಯವರ ಜೊತೆ ಕೂರಿಸಿದರೆ ಬೇಕಾದಾಗ ಎದ್ದುಹೋಗಬಹುದು. ಕಿವಿಗೆ ಯಂತ್ರ ಹಾಕಿಕೊಂಡವರನ್ನು ಧ್ವನಿವರ್ಧಕದ ಪೆಟ್ಟಿಗೆಯ ಎದುರು ಕೂರಿಸಿದರೆ ಅವರಿಗೆ ಕೇಳುವುದು ಬರೀ ಗದ್ದಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟ ಹತ್ತಿಳಿಯುವ ಕಾರ್ಯಕ್ರಮ ಇಟ್ಟುಕೊಳ್ಳಲೇಬಾರದು. 2024ರ ಜುಲೈಯಲ್ಲಿ ಶಿರೂರಿನ ಗುಡ್ಡ ಹೆದ್ದಾರಿಯ ಮೇಲೆ ಕುಸಿದದ್ದನ್ನು ಕಂಡ ಮೇಲೂ ದೇವಿಮನೆ, ಅರಬೈಲು ಘಟ್ಟದಲ್ಲಿ ಮಳೆಗಾಲದ ಸಂಜೆ ಮುದುಕರನ್ನು ಕಾರಿನಲ್ಲಿ ಕೂರಿಸಿ ತರುವುದು ತಪ್ಪು.

ಮನೆಗೆ ಹೋಗಿ ಗೌರವಿಸಿದರೆ ಸಾಲದೇ ಎಂಬ ಪ್ರಶ್ನೆಗೆ ನನ್ನ ಉತ್ತರ: ಹಾಸಿಗೆ ಹಿಡಿದವರಿಗೆ ಅದೇ ಸರಿ. ನಡೆಯಬಲ್ಲವರಿಗೆ ಊರಿನ ಕಣ್ಣುಗಳು ಬೇಕು. ತನ್ನ ವಾರಿಗೆಯವರು ಒಬ್ಬೊಬ್ಬರಾಗಿ ಹೋದ ಮೇಲೆ ಹೊರಗೆ ಬರಲು ಒಂದು ಕಾರಣವೇ ಇಲ್ಲದ ಹಿರಿಯರು ನಮ್ಮ ಹಳ್ಳಿಗಳಲ್ಲಿ ತುಂಬಿದ್ದಾರೆ. ಮಕ್ಕಳು ಬೆಂಗಳೂರಿನಲ್ಲಿ, ಮನೆಯಲ್ಲಿ ಇಬ್ಬರೇ. ಕಾರ್ಯಕ್ರಮ ಮುಗಿದ ವಾರದೊಳಗೆ ಫೋಟೋದ ಎರಡು ಪ್ರತಿ ಅಂಥ ಮನೆಗೆ ತಲುಪಲಿ, ಹಿಂಬದಿಯಲ್ಲಿ ಪೆನ್ಸಿಲಿನಿಂದ ದಿನಾಂಕ, ಸ್ಥಳ, ಎಡದಿಂದ ಬಲಕ್ಕೆ ನಿಂತವರ ಹೆಸರು ಬರೆದಿರಲಿ. ಒಂದು ಗೋಡೆಗೆ, ಇನ್ನೊಂದು ಮಾಸಾಶನದ ಅರ್ಜಿಯ ಕಡತಕ್ಕೆ.

ವಿರೋಧ: ವೇದಿಕೆ ಬೇಡ, ಜಗಲಿಗೆ ನಾವೇ ಹೋಗಬೇಕು

ಶಿರಸಿಯ ಹತ್ತಿರದ ಹಳ್ಳಿಯ ಎಂಬತ್ತೈದರ ಒಬ್ಬರಿಗೆ ಕಾರವಾರದಲ್ಲಿ ಸನ್ಮಾನ ಎಂದಿಟ್ಟುಕೊಳ್ಳಿ. ಸುಮಾರು 120 ಕಿಲೋಮೀಟರು, ನಡುವೆ ಘಟ್ಟ. ಹೋಗಲು ಮೂರು–ಮೂರೂವರೆ ತಾಸು, ಬರಲು ಅಷ್ಟೇ. ಅಲ್ಲಿ ಕಾಯುವುದು ಎರಡು–ಮೂರು ತಾಸು. ಶಾಲು ಹೊದೆಸುವುದು, ಹಾರ ಹಾಕುವುದು, ಫೋಟೋ: ನಾಲ್ಕು ನಿಮಿಷ. "ಅಜ್ಜಾ, ಎರಡು ಮಾತು ಹೇಳಿ" ಎಂದು ಮೈಕು ಹಿಡಿದರೆ ಇನ್ನೆರಡು ನಿಮಿಷ. ಮರುದಿನ, ಅದರ ಮರುದಿನ ಹಾಸಿಗೆ. ಎಂಬತ್ತರ ಮೇಲೆ ಒಬ್ಬರಿಗೆ ದಿನದಲ್ಲಿ ಗಟ್ಟಿಯಾಗಿ ಕೆಲಸಕ್ಕೆ ಬರುವ ಹೊತ್ತು ಬೆಳಗಿನ ಎರಡು ತಾಸು. ಮೂರು ದಿನದ ಆರು ತಾಸನ್ನು ಆರು ನಿಮಿಷಕ್ಕೆ ಖರ್ಚು ಮಾಡಿದಂತಾಯಿತು. ಮೆಟ್ಟಿಲಿಗೆ ಕೈಹಿಡಿ ಹಾಕಿದರೂ ಈ ಲೆಕ್ಕ ಬದಲಾಗುವುದಿಲ್ಲ.

ಆ ಆರು ತಾಸಿನಲ್ಲಿ ಏನು ಆಗಬಹುದಿತ್ತು ಎಂಬುದೇ ನನ್ನ ವಾದ.

2024ರ ಡಿಸೆಂಬರಿನಲ್ಲಿ ತುಳಸಿ ಗೌಡ ತೀರಿಕೊಂಡರು, 2025ರ ಫೆಬ್ರವರಿಯಲ್ಲಿ ಸುಕ್ರಿ ಬೊಮ್ಮಗೌಡ. ಎರಡೇ ತಿಂಗಳಲ್ಲಿ ಅಂಕೋಲಾ ತಾಲೂಕು ಇಬ್ಬರನ್ನೂ ಕಳೆದುಕೊಂಡಿತು. ಇಬ್ಬರೂ ಅಕ್ಷರ ಕಲಿತವರಲ್ಲ. ಅವರ ಜೊತೆ ಗೋಕರ್ಣದ ಗೌರೀಶ ಕಾಯ್ಕಿಣಿಯವರನ್ನು (1912–2002) ಇಟ್ಟು ನೋಡಿ. ತೊಂಬತ್ತು ವರ್ಷ ಬದುಕಿದ ಕಾಯ್ಕಿಣಿಯವರು ತಮ್ಮ ಚಿಂತನೆಯನ್ನು ತಾವೇ ಬರೆದಿಟ್ಟರು. ಹನೇಹಳ್ಳಿಯ ಯಶವಂತ ಚಿತ್ತಾಲರು (1928–2014) ಮುಂಬಯಿಯಲ್ಲಿದ್ದುಕೊಂಡೇ ತಮ್ಮ ಊರನ್ನು ಕಥೆಗಳಲ್ಲಿ ಉಳಿಸಿದರು. ಬರೆಯುವವರ ದಾಖಲೆ ಬರೆಯುವವರ ಕೈಯಲ್ಲೇ ಇರುತ್ತದೆ. ಅವರಿಗೆ ಸನ್ಮಾನ ಮಾಡಿ ಸುಮ್ಮನಾದರೂ ಹೆಚ್ಚು ನಷ್ಟವಿಲ್ಲ. ಬಾಯಲ್ಲಿ, ಬೆರಳಲ್ಲಿ, ಕಾಲಿನಲ್ಲಿ ವಿದ್ಯೆ ಇರುವವರ ವಿಷಯ ಬೇರೆ. ಅವರು ಹೋದ ದಿನ ಅದೂ ಹೋಗುತ್ತದೆ. ವೇದಿಕೆ ಮಾತ್ರ ಇಬ್ಬರಿಗೂ ಒಂದೇ ಶಾಲು ಹೊದೆಸಿ ಒಂದೇ ರೀತಿ ಕಳಿಸುತ್ತದೆ.

ಹಾಡನ್ನೇ ತೆಗೆದುಕೊಳ್ಳಿ. ಸಾವಿರಾರು ಹಾಡು ಬಲ್ಲವರೆಂದು ಹೆಸರಾದ ಸುಕ್ರಜ್ಜಿಯನ್ನು ಸಭೆಗಳಲ್ಲಿ ಕೇಳಿದ್ದು "ಒಂದು ಹಾಡಿನ ಎರಡು ಸಾಲು". ಹಾಲಕ್ಕಿ ಹೆಂಗಸರ ಹಾಡು ಒಬ್ಬರೇ ನಿಂತು ಮೈಕಿನೆದುರು ಹಾಡುವಂಥದ್ದಲ್ಲ. ಒಬ್ಬರು ಎತ್ತಿಕೊಟ್ಟರೆ ಉಳಿದವರು ಸೊಲ್ಲು ಹಿಡಿಯುತ್ತಾರೆ. ಆ ಹೊತ್ತಿನಲ್ಲಿ ಮೊದಲಿನವರಿಗೆ ಉಸಿರೂ ಸಿಗುತ್ತದೆ, ಮುಂದಿನ ಸಾಲೂ ನೆನಪಾಗುತ್ತದೆ. ಜೊತೆಗಾರ್ತಿ ಇಲ್ಲದೆ ಒಬ್ಬರನ್ನೇ ಹಾಡಿಸಿದರೆ ಐದನೆಯ ಸಾಲಿಗೆ ನೆನಪು ತಪ್ಪುತ್ತದೆ. ಕೇಳಿದವರು "ವಯಸ್ಸಾಯಿತು, ಮರೆವು" ಎನ್ನುತ್ತಾರೆ. ಮರೆವಲ್ಲ, ಹಾಡಿನ ಅರ್ಧ ಭಾಗವನ್ನು ನಾವು ಮನೆಯಲ್ಲೇ ಬಿಟ್ಟುಬಂದಿದ್ದೇವೆ. ಮದುವೆಯ ಹಾಡಿಗೆ ಶಾಸ್ತ್ರದ ಕೆಲಸ ನಡೆಯುತ್ತಿರಬೇಕು, ಗದ್ದೆಯ ಹಾಡಿಗೆ ಬಾಗಿದ ಬೆನ್ನಿನ ಲಯ ಬೇಕು. ಅಂಗಳದಲ್ಲಿ ಮೊರ ಹಿಡಿದು ಕೇರುತ್ತ ಕೂತಾಗ ತಾನಾಗಿ ಬರುವ ಹಾಡು ಬಣ್ಣದ ದೀಪದ ಕೆಳಗೆ ಬರುವುದಿಲ್ಲ.

ಹಾಗಾದರೆ ಮಾಡಬೇಕಾದದ್ದು ಏನು? ಅಂಗಳಕ್ಕೆ ಹೋಗಬೇಕು, ಬರಿಗೈಯಲ್ಲಿ, ಮೊದಲ ದಿನ ಯಂತ್ರವನ್ನೇ ತೆಗೆಯದೆ. ಕವಳದ (ಎಲೆ–ಅಡಿಕೆಯ) ಬಟ್ಟಲು ಮುಂದಿಟ್ಟು ಕೂತು ಮಾತಾಡಿ ಬರಬೇಕು. ಯಾಕೆ ಬಂದದ್ದು, ದಾಖಲಿಸಿದ್ದನ್ನು ಯಾರು ಕೇಳುತ್ತಾರೆ, ಎಲ್ಲಿ ಇಡುತ್ತೇವೆ, ಯಾವುದನ್ನು ಹೊರಗೆ ಬಿಡಬಾರದು ಎಂಬುದನ್ನು ಅವರಾಡುವ ಕನ್ನಡದಲ್ಲಿ ಹೇಳಿ ಒಪ್ಪಿಗೆ ಪಡೆಯಬೇಕು. ಸಹಿ ಬಾರದವರ ಒಪ್ಪಿಗೆಯನ್ನು ಅವರದೇ ದನಿಯಲ್ಲಿ ದಾಖಲಿಸಿಕೊಳ್ಳಬಹುದು. ಸಾವಿನ ಹಾಡು, ಮಾಟ–ಮದ್ದಿನ ಮಾತುಗಳನ್ನು ಅಕಾಲದಲ್ಲಿ ಆಡಲು ಹಿರಿಯರು ಒಪ್ಪದಿದ್ದರೆ ಒತ್ತಾಯ ಮಾಡಬಾರದು.

ಎರಡನೆಯ ಭೇಟಿಯಿಂದ ಕೆಲಸ. ಬೆಳಗಿನ ತಿಂಡಿ, ಮಾತ್ರೆ ಆದ ಮೇಲೆ ಒಂಬತ್ತರಿಂದ ಹನ್ನೊಂದರೊಳಗೆ, ಒಂದು ಕೂತಕ್ಕೆ 40 ನಿಮಿಷ, ನಡುವೆ ಬಿಡುವು, ದಿನಕ್ಕೆ ಎರಡು ಕೂತ. ಫ್ಯಾನು ನಿಲ್ಲಿಸಿ. ಹಂಚಿನ ಮಾಡಿನ ಮೇಲೆ ಮಳೆ ಹೊಡೆಯುವಾಗ, ಜೀರುಂಡೆ ಕೂಗುವ ಸಂಜೆಯಲ್ಲಿ ಧ್ವನಿ ಹಿಡಿಯಲು ಹೋಗಬೇಡಿ. ಆಮೇಲೆ ಯಾವ ತಂತ್ರಾಂಶವೂ ಅದನ್ನು ಪೂರ್ತಿ ತೆಗೆಯಲಾರದು. ಗಾರೆನೆಲದ ಖಾಲಿ ಕೋಣೆಗಿಂತ ಬಟ್ಟೆ, ಚಾಪೆ, ಭತ್ತದ ಮೂಟೆ ಇರುವ ಒಳಮನೆ ಒಳ್ಳೆಯದು, ಗುಂಯ್ ಎನ್ನುವುದಿಲ್ಲ. ಅಂಗಿಗೋ ಸೆರಗಿಗೋ ಸಿಕ್ಕಿಸುವ ಸಣ್ಣ ಮೈಕನ್ನು ಬಾಯಿಯಿಂದ ಒಂದು ಗೇಣು ಕೆಳಗೆ ಹಾಕಿ. ಮಣಿಸರ ಹಾಕಿಕೊಂಡ ಹಾಲಕ್ಕಿ ಅಜ್ಜಿಯರಿಗೆ ಅದು ಆಗದು: ಉಸಿರಾಡಿದರೆ ಸಾಕು, ಮಣಿ ತಾಗಿ ಸದ್ದಾಗುತ್ತದೆ. ಅಲ್ಲಿ ಎದುರಿಗೆ ಕಾಲಿನ ಮೇಲೆ ನಿಲ್ಲಿಸುವ ಮೈಕು ಬೇಕು. ಫೋನಿನಲ್ಲೇ ಹಿಡಿಯುವುದಾದರೆ ಕರೆ ಬಾರದಂತೆ ಏರೋಪ್ಲೇನ್ ಮೋಡಿಗೆ ಹಾಕಿ.

ಕಡತ ಧ್ವನಿಯನ್ನು ಕುಗ್ಗಿಸದ ವೇವ್ ರೂಪದಲ್ಲಿರಲಿ, 48 ಕಿಲೋಹರ್ಟ್ಸ್, 24 ಬಿಟ್. ಒಂದೇ ಮೈಕಾದರೆ ತಾಸಿಗೆ ಸುಮಾರು 520 ಎಂಬಿ. 64 ಜಿಬಿಯ ಒಂದು ಕಾರ್ಡಿನಲ್ಲಿ ನೂರು ತಾಸಿಗೂ ಹೆಚ್ಚು ಹಿಡಿಯುತ್ತದೆ. ವಾಟ್ಸ್ಆ್ಯಪಿನಲ್ಲಿ ಕಳಿಸಿದ ಧ್ವನಿಯನ್ನೇ ದಾಖಲೆ ಎಂದು ಇಟ್ಟುಕೊಳ್ಳಬೇಡಿ, ಅದು ಹಿಂಡಿ ಕುಗ್ಗಿಸಿದ ಧ್ವನಿ. ಶುರುವಿನಲ್ಲೇ ದಿನಾಂಕ, ಊರು, ಹಾಡುವವರ ಹೆಸರು, ಯಾರಿಂದ ಕಲಿತದ್ದು, ಯಾವ ಸಂದರ್ಭದ ಹಾಡು ಎಂದು ಬಾಯಲ್ಲಿ ಹೇಳಿ ಮುಂದುವರಿಯಿರಿ. ಹಲ್ಲಿನ ಸೆಟ್ಟು ಹಾಕಿಕೊಂಡವರ ಚ, ಸ, ಶ ಅಕ್ಷರಗಳು ತೊಡರುತ್ತವೆ; ಅದೇ ವಾರ, ಅವರು ಎದುರಿಗೆ ಇರುವಾಗಲೇ ಸಾಲು ಸಾಲಾಗಿ ಬರೆದು ಓದಿ ಹೇಳಿಸಿಕೊಳ್ಳಬೇಕು. ಆರು ತಿಂಗಳ ನಂತರ ಕೂತು ಕೇಳಿದರೆ ಅರ್ಧ ಶಬ್ದ ಅರ್ಥವಾಗುವುದಿಲ್ಲ, ಕೇಳಲು ಅವರೂ ಇರುವುದಿಲ್ಲ. ಕಿವಿ ಮಂದವಾದವರ ಹತ್ತಿರ ಕೂಗಬೇಡಿ. ವಯಸ್ಸಿನಲ್ಲಿ ಮೊದಲು ಹೋಗುವುದು ತೀಕ್ಷ್ಣ ಸ್ವರಗಳು, ಕೂಗಿದರೆ ಅವೇ ಹೆಚ್ಚಾಗುತ್ತವೆ. ಎದುರಿಗೆ, ಬೆಳಕು ನಮ್ಮ ಮುಖಕ್ಕೆ ಬೀಳುವಂತೆ ಕೂತು ತಗ್ಗಿದ ದನಿಯಲ್ಲಿ ನಿಧಾನ ಕೇಳಿದರೆ ತುಟಿ ನೋಡಿಯೇ ಅರ್ಥಮಾಡಿಕೊಳ್ಳುತ್ತಾರೆ.

ಪ್ರಶ್ನೆ ಕೇಳುವ ರೀತಿಯೂ ಇದೆ. "ನಿಮ್ಮ ಅನುಭವ ಹೇಳಿ" ಎಂದರೆ ಯಾರೂ ಏನೂ ಹೇಳುವುದಿಲ್ಲ, ಅಥವಾ ಹಿಂದೆ ಪತ್ರಿಕೆಯವರಿಗೆ ಹೇಳಿದ್ದನ್ನೇ ಹೇಳುತ್ತಾರೆ. ಗಿಡಮರ ಬಲ್ಲವರ ಮುಂದೆ ಮೊರದಲ್ಲಿ ಹತ್ತು ಬಗೆಯ ಬೀಜ ಹರಡಿ. ಕೈ ತಾನಾಗಿ ಹೋಗುತ್ತದೆ, ಬಾಯಿ ಬಿಚ್ಚುತ್ತದೆ. ಯಾವ ತಾಯಿಮರದ್ದು ಆಯ್ದುಕೊಳ್ಳಬೇಕು, ಹಣ್ಣು ಉದುರುವುದು ಯಾವ ಮಳೆಗೆ, ಮೊದಲು ಉದುರಿದ್ದೋ ಕೊನೆಯದೋ ಒಳ್ಳೆಯದು, ಎಷ್ಟು ದಿನ ಇಡಬಹುದು, ಯಾವ ಬದಿ ಮೇಲಾಗಿ ಊರಬೇಕು, ನೆರಳೋ ಬಿಸಿಲೋ, ಎಷ್ಟು ಎಲೆಗೆ ಕಿತ್ತು ನೆಡಬೇಕು. ಈ ಪ್ರಶ್ನೆಗಳಿಗೆ ಒಂದೊಂದು ಬೀಜಕ್ಕೆ ಒಂದೊಂದು ಉತ್ತರ. ತೇಗದ ಗಟ್ಟಿ ಬೀಜವನ್ನು ರಾತ್ರಿ ನೆನೆಹಾಕಿ ಹಗಲು ಒಣಗಿಸಿ ಹಲವು ದಿನ ಹೀಗೆ ಮಾಡಿದರೆ ಮೊಳಕೆಗೆ ದಾರಿಯಾಗುತ್ತದೆ. ಹಲಸಿನದನ್ನು ಹಾಗೆ ಒಣಗಿಸಿದರೆ ಸತ್ತೇಹೋಯಿತು. ಹಣ್ಣಿನಿಂದ ತೆಗೆದ ಕೂಡಲೇ ಊರಬೇಕು. ಮುರುಗಲಿನದನ್ನೂ (ಕೋಕಂ) ಹಸಿಯಾಗಿಯೇ ಹಾಕಬೇಕು, ಆಮೇಲೆ ತಿಂಗಳುಗಟ್ಟಲೆ ತಾಳ್ಮೆ ಬೇಕು. ಪುಸ್ತಕದಲ್ಲಿ ಇಷ್ಟು ಸಿಗುತ್ತದೆ. ಈ ಗುಡ್ಡದ ಈ ಹಳ್ಳದ ಬದಿಯ ಯಾವ ಮರ ಎಂಬುದು ಸಿಗುವುದಿಲ್ಲ, ತುಳಸಜ್ಜಿಯಂಥವರಿಗೆ ಗೊತ್ತಿದ್ದದ್ದು ಅದು. ಅವರು ಶಾಲು ಹೊದೆದು ಕೂತಿದ್ದ ಪ್ರತಿ ಸಂಜೆಗೂ ಪ್ರತಿಯಾಗಿ ಒಂದು ಬೆಳಗು ಯಾರಾದರೂ ಈ ಮೊರ ಇಟ್ಟುಕೊಂಡು ಎದುರು ಕೂತಿದ್ದರೆ ಎಂದು ಎಣಿಸಿದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ವೇಷಧಾರಿಗಳಿಂದ ಕಲಿಯುವುದಕ್ಕೂ ಬೇರೆ ದಾರಿ ಇದೆ. ಎಂಬತ್ತರವರನ್ನು "ಒಂದು ಹೆಜ್ಜೆ ಹಾಕಿ" ಎಂದು ವೇದಿಕೆಯಲ್ಲಿ ಒತ್ತಾಯಿಸುವುದು ಮೊಣಕಾಲಿಗೆ ಮಾಡುವ ಅನ್ಯಾಯ. ಅವರು ಕುರ್ಚಿಯಲ್ಲಿ ಕೂತು ಬಾಯಿತಾಳ ಹೇಳಲಿ, ತೊಡೆಯ ಮೇಲೆ ಕೈಯಲ್ಲಿ ಪೆಟ್ಟು ಹಾಕಲಿ. ಕುಣಿಯುವುದು ಶಿಷ್ಯನ ಕೆಲಸ. ತಪ್ಪಿದಲ್ಲಿ ಅವರು ತಡೆದು ತಿದ್ದುವುದಿದೆಯಲ್ಲ, ಆ ತಿದ್ದುವಿಕೆಯೇ ದಾಖಲಾಗಬೇಕಾದ ವಿದ್ಯೆ. ಎರಡು ಕ್ಯಾಮೆರಾ ಇಡಿ: ಒಂದು ಗುರುಗಳ ಮುಖ–ಕೈಗೆ, ಇನ್ನೊಂದು ಶಿಷ್ಯನ ಇಡೀ ಮೈಗೆ, ಪಾದ ಕತ್ತರಿಸಿಹೋಗದಂತೆ. ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಕಟ್ಟಿರಲಿ, ಇಲ್ಲವಾದರೆ ಮಂಡಿ ಹಾಕುವಾಗ ಭಾರ ಯಾವ ಕಾಲಿನದೆಂದು ತಿಳಿಯುವುದಿಲ್ಲ. ಪೂರ್ತಿ ವೇಷ ಕಟ್ಟಿ ಹಿಡಿದ ವಿಡಿಯೋಗಳಲ್ಲಿ ಕಾಣುವುದು ಬಣ್ಣ, ಹೆಜ್ಜೆ ಕಲಿಯಲು ಅವು ಬಾರವು.

ಇಷ್ಟಕ್ಕೂ ಎಂಬತ್ತರವರೆಗೆ ಕಾಯುವುದೇ ಮೂಲ ತಪ್ಪು. ಹೊಸ್ತೋಟ ಮಂಜುನಾಥ ಭಾಗವತರು ಊರೂರು ತಿರುಗಿ ಕಲಿಸಿದರು, ಕಣ್ಣು ಕಾಣದ ಮಕ್ಕಳಿಗೂ ಯಕ್ಷಗಾನ ಕಲಿಸಿದರು, ಪ್ರಸಂಗ ಬರೆದರು. 2020ರಲ್ಲಿ ಅವರು ಹೋದಾಗ ಶಿಷ್ಯರ ಕಾಲಿನಲ್ಲಿ ಅವರ ತಾಳ ಉಳಿದಿತ್ತು, ಯಾಕೆಂದರೆ ಆ ಕೆಲಸ ದಶಕಗಳ ಹಿಂದೆಯೇ ಶುರುವಾಗಿತ್ತು. ರವೀಂದ್ರನಾಥ ಠಾಕೂರರು ಇಪ್ಪತ್ತೆರಡರ ಹರೆಯದಲ್ಲಿ, ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣನ ಜೊತೆ ಕಾರವಾರದಲ್ಲಿದ್ದರು. ಎಂಬತ್ತರವರೆಗೆ ಬದುಕಿದ ಅವರು ಇಲ್ಲಿನ ಕಡಲತಡಿಯನ್ನು, ಬೆಳದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಹೋದದ್ದನ್ನು ನೆನೆದು ಬರೆದಿಟ್ಟದ್ದು ಐವತ್ತರ ಆಸುಪಾಸಿನಲ್ಲಿ. ನೆನಪು ಗಟ್ಟಿ ಇರುವ, ಕಾಲು ಗಟ್ಟಿ ಇರುವ ಅರವತ್ತರ ಆಸುಪಾಸಿನವರ ಪಟ್ಟಿಯೇ ಪ್ರತಿ ಸಂಘದ ಕೈಯಲ್ಲಿ ಇರಬೇಕು. ಸನ್ಮಾನ ಅವರಿಗೆ ಮಾಡಿ. ಇನ್ನೂ ಇಪ್ಪತ್ತು ವರ್ಷ ಕಲಿಸುವ ಹುಮ್ಮಸ್ಸು ಅವರಿಗೆ ಬರಲಿ.

ಮಾಸಾಶನದ ಕಾಗದದ ಮಾತು ನ್ಯಾಯವಾದದ್ದು, ಅಲ್ಲಗಳೆಯುವುದಿಲ್ಲ. ಆದರೆ ಮೊಹರು ಹಾಕಿದ ಪತ್ರವನ್ನು ಮನೆಗೇ ತಲುಪಿಸಬಹುದು, ಅರ್ಜಿಯನ್ನೂ ಅಲ್ಲೇ ತುಂಬಿಸಬಹುದು. ಫೋಟೋವನ್ನು ಜಗಲಿಯಲ್ಲೇ ತೆಗೆಯಿರಿ, ಕೈಯಲ್ಲಿ ಚಂಡೆಯ ಕೋಲೋ ಬೀಜದ ಬುಟ್ಟಿಯೋ ಇರಲಿ. ಒಂದು ದಿನದ ಚಪ್ಪರ, ಬ್ಯಾನರು, ಧ್ವನಿವರ್ಧಕದ ಬಾಡಿಗೆಗೆ ಒಳ್ಳೆಯ ರೆಕಾರ್ಡರೊಂದು ಬರುತ್ತದೆ, ಮತ್ತು ಅದು ಮರುವರ್ಷಕ್ಕೂ ಉಳಿಯುತ್ತದೆ.

ದಾಖಲಿಸಿದ್ದನ್ನು ಕಾಪಾಡುವುದು ಕರಾವಳಿಯಲ್ಲಿ ಸುಲಭವಲ್ಲ. ಉಪ್ಪುಗಾಳಿ, ಮಳೆಗಾಲದ ತೇವಕ್ಕೆ ಹಾರ್ಡ್‌ಡಿಸ್ಕಿನ ಕೊಂಡಿಗಳು ತುಕ್ಕು ಹಿಡಿಯುತ್ತವೆ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ, ವರ್ಷಕ್ಕೆರಡು ಸಲ ತೆರೆದು ಓಡಿಸಿ ನೋಡಿ. ಮೂರು ಪ್ರತಿ ಬೇಕು, ಅದರಲ್ಲಿ ಒಂದಾದರೂ ಘಟ್ಟದ ಮೇಲಿರಲಿ. ಹಾವೇರಿ ಜಿಲ್ಲೆಯ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯದಂಥ ಕಡೆ ಇಟ್ಟುಕೊಳ್ಳುತ್ತಾರೆಯೇ ಎಂದು ವಿಚಾರಿಸಿ. ಇನ್ನೊಂದು ಪ್ರತಿ ಹಾಡಿದವರ ಮನೆಗೇ ಹೋಗಬೇಕು. ಪೆನ್‌ಡ್ರೈವ್ ಕೊಟ್ಟು ಬಂದರೆ ಅದು ದೇವರ ಗೂಡಿನಲ್ಲಿ ಕೂರುತ್ತದೆ. ಆ ಮನೆಯಲ್ಲಿ ಅದನ್ನು ಕೇಳುವ ಯಂತ್ರವಿಲ್ಲ. ಎಂಪಿ3 ಮಾಡಿ, ಹಾಡಿನ ಹೆಸರನ್ನು ಕನ್ನಡದಲ್ಲೇ ಬರೆದು, ಮೊಮ್ಮಗಳ ಫೋನಿಗೆ ಹಾಕಿಕೊಡಿ. ಹಾಕಿದ ಮೇಲೆ ಅಜ್ಜಿಯ ಎದುರೇ ಒಂದು ಹಾಡು ಹಚ್ಚಿ, ಪೂರ್ತಿ ಕೇಳಿಸಿ. ತಪ್ಪಿದ ಸಾಲನ್ನು ಅವರು ಆಗ ಹೇಳುತ್ತಾರೆ.